ಗಾರ್ಡರಿನ ಬಿಷಪ್ ಪೀಠ

ನಿಮ್ಮ ಮನೆಯ ಮಕ್ಕಳ ಭೂಪಟದ ಪುಸ್ತಕವನ್ನೊಮ್ಮೆ ತೆರೆಯಿರಿ. ಮೇಲ್ತುದಿಯಲ್ಲಿ ಗ್ರೀನ್‌ಲ್ಯಾಂಡ್ ಎಂಬ ಬೆಳ್ಳನೆಯ ದ್ವೀಪ ಕಾಣುತ್ತದೆ. ಕೆಲವು ಪಟಗಳಲ್ಲಿ ಅದು ಆಫ್ರಿಕದಷ್ಟೇ ದೊಡ್ಡದಾಗಿ ತೋರುವುದುಂಟು. ಉರುಟಾದ ಭೂಮಿಯನ್ನು ಹಾಳೆಯ ಮೇಲೆ ಹರಡಿದಾಗ ಆಗುವ ವಿಕಾರವದು, ನಂಬಬೇಡಿರಿ. ಹೆಸರೇನೋ ಹಸುರುನಾಡು, ಒಳಗೆಲ್ಲ ಹಿಮ. ದಕ್ಷಿಣದ ತುದಿಯಲ್ಲಿ ಮಾತ್ರ, ಕಡಲಿನ ತೋಳುಗಳು ನೆಲದೊಳಕ್ಕೆ ಚಾಚಿರುವ ಕಡೆ, ಹುಲ್ಲು ಬೆಳೆಯುತ್ತದೆ. ಆ ಹುಲ್ಲುಗಾವಲಿನಲ್ಲಿ, ಗಾರ್ಡರ್ ಎಂಬ ಊರಲ್ಲಿ, ನಡುಗಾಲದ ಕ್ರೈಸ್ತ ಬಿಷಪ್ಪರ ಪೀಠವೊಂದಿತ್ತು.

ಸುಮಾರು 985ರಲ್ಲಿ ಕೆಂಗೂದಲಿನ ಎರಿಕ್ ಎಂಬವನ ಹಿಂದೆ ಐಸ್‌ಲ್ಯಾಂಡಿನ ಜನ ಬಂದು ಇಲ್ಲಿ ನೆಲಸಿದರು. ಕ್ರಿ. ಶ. 1000ದ ಸುಮಾರಿಗೆ ಅವರಲ್ಲಿ ಕ್ರೈಸ್ತಮತ ಹರಡಿತು. ಪಾದ್ರಿಗಳೇನೋ ಇದ್ದರು, ಆದರೆ ಹೊಸ ಪಾದ್ರಿಗೆ ದೀಕ್ಷೆ ಕೊಡಲು, ಕಟ್ಟಿದ ಗುಡಿಯನ್ನು ಪ್ರತಿಷ್ಠೆ ಮಾಡಲು ಬಿಷಪ್ಪರೇ ಬೇಕು. ಆದುದರಿಂದ ಸಾಕ್ಕಿ ಎಂಬ ಊರ ಹಿರಿಯನು ತನ್ನ ಮಗ ಐನಾರನನ್ನು ನಾರ್ವೆಯ ದೊರೆ ಸಿಗುರ್ಡನ ಬಳಿಗೆ ಕಳುಹಿಸಿದನು. ಐನಾರನು ಕಾಣಿಕೆಯಾಗಿ ಒಯ್ದುದರಲ್ಲಿ ಜೀವಂತವಾದ ಬಿಳಿಕರಡಿಯೂ ಇದ್ದಿತಂತೆ! ದೊರೆ ಆರಿಸಿದ್ದು ಆರ್ನಾಲ್ಡ್ ಎಂಬ ಪಾದ್ರಿಯನ್ನು. ಆತನಿಗೆ ಅಷ್ಟು ದೂರ ಹೋಗಲು ಮನಸ್ಸಿಲ್ಲ. ಕಡೆಗೊಂದು ಷರತ್ತು ಹಾಕಿದನು: ಪೀಠದ ಹಕ್ಕನ್ನೂ ಸ್ವತ್ತನ್ನೂ ಕಾಯುವೆನೆಂದು ಐನಾರನು ಆಣೆಯಿಡಬೇಕು. ಐನಾರನು ಆಣೆಯಿಟ್ಟನು. 1124ರಲ್ಲಿ ಆರ್ನಾಲ್ಡನಿಗೆ ಅಭಿಷೇಕವಾಯಿತು. 1126ರಲ್ಲಿ ಗಾರ್ಡರಿಗೆ ಬಂದು ಸೇರಿದನು.

ಆ ಆಣೆಯ ಬೆಲೆ ಎಷ್ಟಾಯಿತೆಂಬುದನ್ನು ಐಸ್‌ಲ್ಯಾಂಡಿನ ಹಳೆಯ ಕಥನವೊಂದು ಹೇಳುತ್ತದೆ. ಒಡೆಯರು ಸತ್ತುಹೋಗಿ ದಡಕ್ಕೆ ಬಿದ್ದಿದ್ದ ಹಡಗೊಂದು ಸಿಕ್ಕಿತು. ಬಿಷಪ್ಪರು ಅದನ್ನು ಪೀಠಕ್ಕೆ ಸೇರಿಸಿಕೊಂಡರು. ಸತ್ತವರ ಬಂಧು ಓಸುರ್ ಎಂಬವನು ಬಂದು ತನ್ನ ಪಾಲು ಕೇಳಿದನು, ಸಿಕ್ಕಲಿಲ್ಲ. ಸಿಟ್ಟಿನಿಂದ ಹಡಗಿನ ಹಲಗೆಗಳನ್ನು ಕಡಿದು ಕೆಡಿಸಿದನು. ಬಿಷಪ್ಪರು ಐನಾರನಿಗೆ ಆಣೆಯ ನೆನಪು ಮಾಡಿಕೊಟ್ಟರು. ಐನಾರನು ಓಸುರನನ್ನು ಗುಡಿಯ ಅಂಗಳದಲ್ಲಿಯೇ ಕೊಡಲಿಯಿಂದ ಕೊಂದನು. ಮುಂದೆ ರಾಜಿಗೆಂದು ಸೇರಿದ ಸಭೆಯಲ್ಲಿ ಐನಾರನೂ ಹತನಾದನು. ಬಿಷಪ್ಪರೋ, ಕೆಲವು ಕಾಲದ ಮೇಲೆ ನಾರ್ವೆಗೆ ಮರಳಿ, ಹಾಮಾರ್ ಎಂಬಲ್ಲಿ ಹೊಸ ಪೀಠವನ್ನೇರಿದರು. ನನಗೆ ಇದನ್ನು ಓದುವಾಗಲೆಲ್ಲ ಐನಾರನ ಮೇಲೆಯೇ ಕನಿಕರ.

ಪೀಠ ಮಾತ್ರ ಬೆಳೆಯಿತು. 1926ರಲ್ಲಿ ಪೌಲ್ ನೋರ್ಲುಂಡ್ ಎಂಬ ಡೆನ್ಮಾರ್ಕಿನ ವಿದ್ವಾಂಸರು ಅಲ್ಲಿ ಅಗೆಸಿದಾಗ, ಕೆಂಪು ಮರಳುಗಲ್ಲಿನಿಂದ ಕಟ್ಟಿದ ಸಂತ ನಿಕೋಲಾಸನ ಗುಡಿಯ ತಳಪಾಯವೂ ಸುಮಾರು ನೂರು ಹಸುಗಳನ್ನು ಕಟ್ಟಬಹುದಾದಷ್ಟು ಕೊಟ್ಟಿಗೆಯ ಗೋಡೆಗಳೂ ದೊರೆತವು. ಆ ಚಳಿಯಲ್ಲಿ ನೂರು ಹಸುಗಳಿಗೆ ಚಳಿಗಾಲವೆಲ್ಲ ಒಣಹುಲ್ಲು ಹೊಂಚುವುದೆಂದರೆ, ಹೈನು ಸಾಕಿದವರಿಗೆ ನಾನು ಹೇಳಬೇಕಾಗಿಲ್ಲ. ಒಂದು ಸಮಾಧಿಯಲ್ಲಿ ಬಿಷಪ್ಪರೊಬ್ಬರ ಅಸ್ಥಿ, ಬೆರಳುಂಗುರ, ವಾಲ್ರಸ್ ದಂತದಲ್ಲಿ ಕೆತ್ತಿದ ದಂಡದ ಹಿಡಿ ಇದ್ದವು. ಗುಡಿಯ ನೆಲದಲ್ಲಿ ವಾಲ್ರಸ್ಸುಗಳ ತಲೆಬುರುಡೆಗಳೂ ಹೂಳಿದ್ದವು.

ವಾಲ್ರಸ್ ಎಂಬುದು ಉದ್ದನೆಯ ಕೋರೆಹಲ್ಲುಗಳುಳ್ಳ ಕಡಲಪ್ರಾಣಿ. ಆ ನಾಡಿನ ಹಣವೆಂದರೆ ಆ ಕೋರೆಹಲ್ಲೇ. ಜನರು ಬೇಸಿಗೆಯಲ್ಲಿ ದೂರ ಉತ್ತರಕ್ಕೆ ದೋಣಿಯಲ್ಲಿ ಹೋಗಿ ಬೇಟೆಯಾಡಿ ತರುತ್ತಿದ್ದರು. ಗುಡಿಯ ದಶಾಂಶವನ್ನು ಅದರಲ್ಲಿಯೇ ತೆರುತ್ತಿದ್ದರು. ದಂತ, ಚರ್ಮ, ಹಗ್ಗಗಳಾಗಿ ಬಂದ ಈ ಕಪ್ಪವನ್ನು ಬೆಳ್ಳಿಬಂಗಾರಕ್ಕೆ ಮಾರಿ ಕಳುಹಿಸಬೇಕೆಂದು 1282ರಲ್ಲಿ ಪೋಪ್ ನಾಲ್ಕನೆಯ ಮಾರ್ಟಿನರು ನಾರ್ವೆಯ ಆರ್ಚ್‌ಬಿಷಪ್ಪರಿಗೆ ಬರೆದರು.

ಎಲ್ಲವೂ ನಿಂತಿದ್ದುದು ಹಡಗಿನ ಮೇಲೆ. ಹಡಗು ಕಟ್ಟುವಂಥ ಮರ ಆ ನೆಲದಲ್ಲಿ ಬೆಳೆಯದು. 14ನೆಯ ಶತಮಾನದಲ್ಲಿ ಚಳಿ ಹೆಚ್ಚಿತು; 1349ರಲ್ಲಿ ನಾರ್ವೆಯನ್ನು ಮಹಾಮಾರಿ ಹೊಕ್ಕಿತು; ವಾಲ್ರಸ್ ದಂತಕ್ಕಿದ್ದ ಬೇಡಿಕೆಯೂ ಇಳಿಯಿತೆನ್ನುತ್ತಾರೆ. ಆ ಶತಮಾನದ ನಡುವೆ ಪೀಠದ ಮೇಲ್ವಿಚಾರಕನಾಗಿದ್ದ ಈವಾರ್ ಬಾರ್ಡರ್ಸನ್ ಎಂಬ ಪಾದ್ರಿ ಪಶ್ಚಿಮದ ನೆಲಸುನಾಡಿಗೆ ಹೋಗಿ ನೋಡಿದರೆ ಒಬ್ಬ ಮನುಷ್ಯನೂ ಇಲ್ಲ, ದನಕುರಿಗಳು ಮಾತ್ರ ಹಾದಿಬೀದಿ ಅಲೆಯುತ್ತಿದ್ದವಂತೆ. 1368ರಲ್ಲಿ ಬಂದ ಬಿಷಪ್ ಆಲ್ಫ್ 1378ರಲ್ಲಿ ತೀರಿಕೊಂಡರು. ಅವರ ತರುವಾಯ ಗಾರ್ಡರಿನಲ್ಲಿ ಬಿಷಪ್ಪರಾರೂ ವಾಸ ಮಾಡಲಿಲ್ಲ.

ಹಾಗೆಂದು ಬಿಷಪ್ಪರ ನೇಮಕ ನಿಂತಿತೆ? ಇಲ್ಲ. ಶಾಲೆ ಬಿಟ್ಟುಹೋದ ಹುಡುಗನ ಹೆಸರನ್ನು ಹಾಜರಿ ಪುಸ್ತಕದಲ್ಲಿ ತಿಂಗಳುಗಟ್ಟಲೆ ಕೂಗಿದ ಮೇಷ್ಟರು ನಾನು. ಆದರೆ ಇಲ್ಲಿ ನೂರೈವತ್ತು ವರ್ಷ ಕೂಗಿದರು! ಗಾರ್ಡರಿನ ಬಿಷಪ್ಪರೆಂಬ ಹೆಸರು ಹೊತ್ತು, ಆ ನೆಲವನ್ನು ಮೆಟ್ಟದೆಯೇ ಎಷ್ಟೋ ಜನ ಯೂರೋಪಿನಲ್ಲಿ ಬಾಳಿದರು. ಇತ್ತ, 1408ರಲ್ಲಿ ಹ್ವಾಲ್ಸೇ ಎಂಬಲ್ಲಿಯ ಗುಡಿಯಲ್ಲಿ ಒಂದು ಮದುವೆ ನಡೆಯಿತು. ಮೂರು ಭಾನುವಾರ ಕ್ರಮವಾಗಿ ಸಾರಿದ್ದೆವೆಂದು ಮರುವರ್ಷ ಗಾರ್ಡರಿನ ಪಾದ್ರಿಗಳು ಪತ್ರ ಬರೆದುಕೊಟ್ಟರು. ಆ ಜನರನ್ನು ಕುರಿತು ಉಳಿದಿರುವ ಕಡೆಯ ಸುದ್ದಿಯದು.

1492ರಲ್ಲಿ ಪೋಪ್ ಆರನೆಯ ಅಲೆಕ್ಸಾಂಡರರು ಬರೆಸಿದ ಪತ್ರವನ್ನು ಓದಿದರೆ ಎದೆ ಹಿಂಡುತ್ತದೆ. ಎಂಬತ್ತು ವರ್ಷಗಳಿಂದ ಅಲ್ಲಿಗೆ ಹಡಗು ಹೋಗಿಲ್ಲ; ಹಲವರು ಧರ್ಮವನ್ನು ಮರೆತಿದ್ದಾರೆ; ನೂರು ವರ್ಷಗಳ ಹಿಂದೆ ಕೊನೆಯ ಪಾದ್ರಿ ಪೂಜೆಗೆ ಹಾಸಿದ ಬಟ್ಟೆಯೊಂದನ್ನು ಮಾತ್ರ ವರ್ಷಕ್ಕೊಮ್ಮೆ ತೆಗೆದು ತೋರಿಸುತ್ತಾರೆ, ಎಂದು ಅದರಲ್ಲಿದೆ. ಮಥಿಯಾಸ್ ಎಂಬ ಸನ್ಯಾಸಿ ಅಲ್ಲಿಗೆ ಹೋಗಲು ಮುಂದೆ ಬಂದಿದ್ದನು; ಬಡವನೆಂದು ಆತನ ಶುಲ್ಕವನ್ನೂ ಮನ್ನಾ ಮಾಡಿದರು. ಆತನು ಹೋಗಲಿಲ್ಲ. ಹೋಗಿದ್ದರೂ ಕಾಯುವವರಿರಲಿಲ್ಲ, 15ನೆಯ ಶತಮಾನದ ನಡುವಿನ ಹೊತ್ತಿಗೇ ಅಲ್ಲಿಯ ಮನೆಗಳು ಬರಿದಾಗಿದ್ದುವೆಂದು ಪುರಾತತ್ತ್ವಜ್ಞರ ಎಣಿಕೆ.

1721ರಲ್ಲಿ ಹಾನ್ಸ್ ಎಗೆಡೆ ಎಂಬ ಪಾದ್ರಿ ಈ ಕಳೆದುಹೋದ ಕ್ರೈಸ್ತರನ್ನು ಹುಡುಕಿಕೊಂಡು ಹೊರಟು ಗ್ರೀನ್‌ಲ್ಯಾಂಡನ್ನು ಮುಟ್ಟಿದಾಗ, ಎದುರಾದವರು ಇನ್ಯುಯಿಟ್ ಜನ ಮಾತ್ರ. 1783ರಲ್ಲಿ ನಾರ್ವೆಯವನೊಬ್ಬನೂ ಅವನ ಇನ್ಯುಯಿಟ್ ಹೆಂಡತಿಯೂ ಗಾರ್ಡರಿನ ಹಾಳಿನ ನಡುವೆ ಬೇಸಾಯಕ್ಕೆಂದು ನೆಲಸಿದರು. ಆ ಊರಿಗೆ ಈಗ ಇಗಾಲಿಕು ಎಂದು ಹೆಸರು. ಮನೆ ಕಟ್ಟಲು ಕಲ್ಲು ಬೇಕಾದಾಗ ಅಲ್ಲಿಯವರು ಬಿಷಪ್ಪರ ಗುಡಿಯ ಕೆಂಪು ಕಲ್ಲುಗಳನ್ನೇ ಎತ್ತಿಕೊಂಡರು.