ಬಳಪ, ಮಸಿ, ಮಾರ್ಕರ್

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅವರ ಕೈಗೆ ಒಂದು ಮಾರ್ಕರ್ ಪೆನ್ನು ಸಿಕ್ಕಿತೆಂದರೆ ಗೋಡೆ, ಬೀರು, ಮಂಚ, ಮೇಜು ಯಾವುದಕ್ಕೂ ಉಳಿಗಾಲವಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಗೆರೆ ಹೋಗುವುದಿಲ್ಲ. ಸೋಪು ಹಚ್ಚಿ ತಿಕ್ಕಿದರೆ ಗೋಡೆಯ ಬಣ್ಣ ಏಳುತ್ತದೆಯೇ ಹೊರತು ಗೆರೆ ಏಳುವುದಿಲ್ಲ. ಪೆನ್ನಿನ ಮೇಲೆ 'ಪರ್ಮನೆಂಟ್' ಎಂದು ಅಚ್ಚಾಗಿದೆಯಷ್ಟೆ. ಶಾಶ್ವತವೆಂದು ಹೇಳಿಕೊಳ್ಳುವ ಈ ಕಲೆಯನ್ನು ತೆಗೆಯುವುದು ಹೇಗೆ ಎಂಬುದು ಇಂದಿನ ಗೃಹಿಣಿಯ ಚಿಂತೆ. ಆದರೆ ಇದರ ಹಿಂದಿರುವ ಪ್ರಶ್ನೆ ಇಂದಿನದಲ್ಲ. ಅಳಿಸಬೇಕಾದ ಬರಹಕ್ಕೆ ಒಂದು ಸಾಧನ, ಅಳಿಯಬಾರದ ಬರಹಕ್ಕೆ ಮತ್ತೊಂದು ಎಂಬ ವಿವೇಕ ನಮ್ಮ ನಾಡಿನಲ್ಲಿ ಬಹಳ ಹಿಂದಿನದು. ಆ ಕಥೆಯನ್ನು ಅರಿತರೆ ಕಲೆ ತೆಗೆಯುವ ಉಪಾಯವೂ ತಾನಾಗಿ ತಿಳಿಯುತ್ತದೆ.

ಕಚೇರಿಯ ಫೈಲಿಗೆ ನಾವು 'ಕಡತ' ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಬಟ್ಟೆಯ ಪುಸ್ತಕ. ಉದ್ದನೆಯ ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಹಾಳೆಗಳಂತೆ ಮಡಿಸಿ, ಎರಡು ತುದಿಗೆ ಮರದ ಹಲಗೆ ಕಟ್ಟುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆದರೆ ಕಪ್ಪಿನ ಮೇಲೆ ಬಿಳಿಯ ಅಕ್ಷರ ಮೂಡುತ್ತಿತ್ತು. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಪ್ರಕಟಿಸಿದ ತನ್ನ ಇತಿಹಾಸ ಗ್ರಂಥದ ಮೊದಲ ಸಂಪುಟದಲ್ಲಿ ಈ ಕಡತವನ್ನು ವರ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದ ಎಂದು ಅಳತೆಯನ್ನೂ ಕೊಟ್ಟಿದ್ದಾನೆ. ಅಂಗಡಿಯ ಲೆಕ್ಕದಿಂದ ಹಿಡಿದು ಮಠದ ದಾಖಲೆಯವರೆಗೆ ಕಡತವೇ ಆಧಾರವಾಗಿತ್ತು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಅಮೂಲ್ಯವಾದ ಆಕರ. ಒರೆಸಿದರೆ ಹೋಗುವ ಬರಹ ಶತಮಾನಗಳ ಕಾಲ ಉಳಿದುದಕ್ಕೆ ಕಾರಣ ಮತ್ತೇನೂ ಅಲ್ಲ. ಅದನ್ನು ಒರೆಸಬಾರದೆಂದು ಬಲ್ಲವರ ಕೈಯಲ್ಲಿ ಅದು ಇದ್ದಿತು.

ಮಸಿಯ ಕಥೆ ಬೇರೆ. ದೀಪದ ಕಾಡಿಗೆಗೆ ಅಂಟು ಬೆರೆಸಿ ಮಾಡಿದ ಮಸಿಗೆ ಬಿಸಿಲಿನ ಭಯವಿಲ್ಲ, ನೀರಿನ ಭಯವುಂಟು. ಅಂಟು ನೆನೆದರೆ ಅಕ್ಷರ ಹರಡುತ್ತದೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಮಾಡಿದ ಮಸಿಯಾದರೋ ನಾರಿನೊಳಕ್ಕೆ ಇಳಿದು ಕಪ್ಪಾಗುತ್ತದೆ. ಯೂರೋಪಿನವರು ಶತಮಾನಗಳ ಕಾಲ ಬರೆದದ್ದು ಇದೇ ಜಾತಿಯ ಮಸಿಯಲ್ಲಿ. ಅಳಲೆಕಾಯಿಯ ಬದಲು ಅವರು ಓಕ್ ಮರದ ಗಂಟುಗಳನ್ನು ಬಳಸಿದರು. ಚನ್ನಗಿರಿ ಸೀಮೆಯ ಅಡಿಕೆಯ ಮನೆಗಳಲ್ಲಿ ಈ ರಸಾಯನ ಯಾರೂ ಕಲಿಸದೆಯೇ ನಡೆಯುತ್ತದೆ. ಹಸಿ ಅಡಿಕೆ ಸುಲಿಯುವವರ ಬೆರಳು ಕತ್ತಿಯ ಕಬ್ಬಿಣವೂ ಅಡಿಕೆಯ ಒಗರೂ ಕೂಡಿ ಕಪ್ಪಾಗುತ್ತದೆ. ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ಬಿದ್ದರೆ ಅಗಸನಿಗೂ ಬಗ್ಗದು. ಸೋಪಿಗೆ ಹೋಗದ ಬೆರಳ ಕಪ್ಪು ನಿಂಬೆಹುಳಿಗೆ ಒಂದಿಷ್ಟು ತಗ್ಗುತ್ತದೆ, ಏಕೆಂದರೆ ಕಬ್ಬಿಣವನ್ನು ಬಿಡಿಸುವ ಗುಣ ಹುಳಿಗಿದೆ. ಇಲ್ಲಿಯೇ ಒಂದು ಸೂತ್ರ ಹೊರಟಿತು: ಕಲೆಯನ್ನು ಕಟ್ಟಿ ಹಿಡಿದಿರುವುದು ಯಾವುದೋ, ಅದನ್ನು ಕರಗಿಸುವುದೇ ಕಲೆಗೆ ಮದ್ದು. ತಿಕ್ಕುವ ಬಲ ಮದ್ದಲ್ಲ.

ಯಾವ ಮದ್ದಿಗೂ ಬಗ್ಗದ ಮಸಿಯೊಂದು ಬೇಕಾಯಿತು, ಪ್ರಜಾಪ್ರಭುತ್ವಕ್ಕೆ. ಒಬ್ಬನೇ ಎರಡು ಸಲ ಮತ ಹಾಕಬಾರದಲ್ಲ! ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಸಿದ್ಧಪಡಿಸಿದ ಸೂತ್ರದಂತೆ ೧೯೬೨ರ ಮೂರನೆಯ ಮಹಾಚುನಾವಣೆಯಿಂದ ಆ ಮಸಿಯನ್ನು ತಯಾರಿಸಿ ಕೊಡುತ್ತಿರುವುದು ನಮ್ಮ ಮೈಸೂರಿನ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಅರಗಿನ ಉದ್ಯಮಕ್ಕಾಗಿ ಹುಟ್ಟಿದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅದು. ೧೯೮೯ರಿಂದ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಆ ಮಸಿಯಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನೊಡನೆ ಸೇರಿ, ಬೆಳಕಿಗೆ ಕಪ್ಪಾಗಿ, ಚರ್ಮಕ್ಕೂ ಉಗುರಿಗೂ ಅದು ಅಂಟಿಕೊಳ್ಳುತ್ತದೆ. ಜಗಳೂರಿನ ರೈತನ ಬೆರಳಿಗಾಗಲಿ ಬೆಂಗಳೂರಿನ ಶ್ರೀಮಂತನ ಬೆರಳಿಗಾಗಲಿ ಬಿದ್ದ ಗುರುತು ಹೋಗಬೇಕಾದರೆ ಹಳೆಯ ಚರ್ಮ ಉದುರಬೇಕು, ಹೊಸ ಉಗುರು ಬೆಳೆಯಬೇಕು. ೨೦೦೪ರಲ್ಲಿ ಆಫ್ಘಾನಿಸ್ತಾನದ ಅಧ್ಯಕ್ಷ ಚುನಾವಣೆಯ ದಿನ ಹಲವು ಮತಗಟ್ಟೆಗಳಲ್ಲಿ ಬೆರಳಿನ ಗುರುತು ತೊಳೆದರೆ ಹೋಗುತ್ತಿದೆಯೆಂದು ದೊಡ್ಡ ಗದ್ದಲವೆದ್ದಿತು. ಸರಿಯಾದ ಮಸಿಯ ಬದಲು ಕೆಲವೆಡೆ ಬೇರೆ ಪೆನ್ನು ಬಳಸಿದ್ದರು. ಅಳಿಯುವುದಕ್ಕೂ ಅಳಿಯದಿರುವುದಕ್ಕೂ ಇರುವ ಭೇದ ಒಂದು ದೇಶದ ಚುನಾವಣೆಯನ್ನೇ ಅಲುಗಿಸಬಲ್ಲದು!

ಇನ್ನು ಮಾರ್ಕರಿಗೆ ಬರೋಣ. ನ್ಯೂಯಾರ್ಕಿನ ಸಿಡ್ನಿ ರೋಸೆಂತಾಲ್ ಎಂಬಾತ ೧೯೫೩ರಲ್ಲಿ ಮಾರಾಟಕ್ಕೆ ತಂದ ಮಾರ್ಕರಿನಿಂದ ಇದರ ಭಾಗ್ಯ ತೆರೆಯಿತು. ಇದರೊಳಗಿರುವುದು ಬಣ್ಣ, ಬಣ್ಣವನ್ನು ಹಿಡಿದಿಡುವ ರಾಳ, ಇವೆರಡನ್ನೂ ಕರಗಿಸುವ ಸ್ಪಿರಿಟಿನಂಥ ದ್ರವ. ಬರೆದ ಕ್ಷಣದಲ್ಲಿ ದ್ರವ ಆರಿಹೋಗುತ್ತದೆ; ರಾಳ ಉಳಿಯುತ್ತದೆ. ನೀರಿಗೆ ಆ ರಾಳ ಬಗ್ಗದು. ಹಾಗಾದರೆ ಈ ಮಸಿ ಶಾಶ್ವತವಾದದ್ದು ನೀರಿನ ಎದುರಿಗೆ ಮಾತ್ರ! ಅದನ್ನು ತಂದ ಸ್ಪಿರಿಟೇ ಅದನ್ನು ಕರೆದೊಯ್ಯುತ್ತದೆ.

ಗಾಜು, ಸ್ಟೀಲು, ಹೊಳಪಿನ ಟೈಲ್ಸು ಇವುಗಳ ಮೇಲಿನ ಗೆರೆಗೆ ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ, ಒಂದು ನಿಮಿಷ ಒತ್ತಿ ಹಿಡಿದು, ಅಂಚಿನಿಂದ ನಡುವಿಗೆ ಒರೆಸಿದರೆ ಸಾಕು. ೨೦೨೦ರ ಕೊರೋನಾ ಕಾಲದಿಂದ ಮನೆಮನೆಗೆ ಬಂದ ಕೈಗೆ ಹಚ್ಚುವ ಸ್ಯಾನಿಟೈಸರೂ ಆದೀತು, ಅದರಲ್ಲಿರುವುದೂ ಆಲ್ಕೋಹಾಲೇ. ಹತ್ತಿ ಬಣ್ಣವಾದೊಡನೆ ಬದಲಿಸಬೇಕು, ಇಲ್ಲವಾದರೆ ಕಲೆ ಹರಡುತ್ತದೆ. ಒಲೆಯ ಬಳಿ ಈ ಕೆಲಸ ಕೂಡದು. ಬಿಳಿಯ ಹಲಗೆಯ ಮೇಲೆ ತಪ್ಪಿ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದಿದ್ದರೆ, ಅದೇ ಗೆರೆಯ ಮೇಲೆ ಹಲಗೆಯ ಮಾರ್ಕರಿನಿಂದ ತಿದ್ದಿ ಕೂಡಲೆ ಒರೆಸಿದರೆ ಎರಡೂ ಹೋಗುತ್ತವೆ. ಉಗುರಿನ ಬಣ್ಣ ತೆಗೆಯುವ ದ್ರವ ಇನ್ನೂ ಉಗ್ರವಾದದ್ದು. ಹಲವು ಬಗೆಯ ಪ್ಲಾಸ್ಟಿಕ್ಕನ್ನೇ ಅದು ಕರಗಿಸುತ್ತದೆ. ಅಜ್ಜನ ಕಾಲದ ಮರದ ಪೆಟ್ಟಿಗೆಯಾದರೆ ಸ್ಪಿರಿಟ್ ಮುಟ್ಟಿಸುವ ಮುನ್ನ ಯೋಚಿಸಬೇಕು. ಹಳೆಯ ಪಾಲಿಷ್ ಎಂದರೆ ಸ್ಪಿರಿಟಿನಲ್ಲಿ ಕರಗಿಸಿದ ಅರಗು, ಗೆರೆಯೊಡನೆ ಪಾಲಿಷೂ ಹೋದೀತು. ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸುವುದು ಜಾಣತನ. ಸುಣ್ಣದ ಗೋಡೆ ಬಣ್ಣವನ್ನು ಹೀರಿಕೊಂಡಿರುತ್ತದೆ. ಅಲ್ಲಿ ಕೆರೆದು, ಪ್ರೈಮರ್ ಹಚ್ಚಿ, ಮತ್ತೆ ಬಳಿಯುವುದೊಂದೇ ದಾರಿ.

ಗೃಹಿಣಿಯ ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು. ಆದರೆ ಕನ್ನಡ ಪಾಠ ಹೇಳುವ ನನಗೆ ಇನ್ನೊಂದು ಮಾತು ಉಳಿದಿದೆ. ಚನ್ನಗಿರಿ, ಹೊನ್ನಾಳಿಗಳ ಶಾಸನಗಳನ್ನು ಬಿ. ಎಲ್. ರೈಸ್ ೧೯೦೨ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು. ಜಗಳೂರಿನವು ಹನ್ನೊಂದನೆಯ ಸಂಪುಟದಲ್ಲಿವೆ. ನ್ಯಾಮತಿ ಆಗ ಹೊನ್ನಾಳಿಯ ಭಾಗ. ಬೆಳಗುತ್ತಿಯ ಸಿಂದರ ಶಾಸನಗಳು ಹೊನ್ನಾಳಿಯ ಲೆಕ್ಕದಲ್ಲಿಯೇ ಸೇರಿವೆ. ಹಿಂದೆ ಶಿವಮೊಗ್ಗ, ಚಿತ್ರದುರ್ಗ ಜಿಲ್ಲೆಗಳಲ್ಲಿ ಹಂಚಿಹೋಗಿದ್ದ ಈ ಸೀಮೆ ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾಗಿ ಒಂದಾಯಿತು. ಈ ಊರುಗಳಲ್ಲಿ ತಿರುಗಾಡುವಾಗ ಶಾಸನದ ಕಲ್ಲುಗಳನ್ನೂ ವೀರಗಲ್ಲುಗಳನ್ನೂ ನೋಡಿದ್ದೇನೆ. ಒಂದರ ಮೇಲೆ ಸುಣ್ಣ, ಇನ್ನೊಂದರ ಮೇಲೆ ಎಣ್ಣೆಯ ಬಣ್ಣ, ಮತ್ತೊಂದರ ಮೇಲೆ ಮಾರ್ಕರಿನಲ್ಲಿ ಬರೆದ ಪ್ರೇಮಿಗಳ ಹೆಸರು. ಅದಕ್ಕಿಂತ ಹೆಚ್ಚಿನ ಭಯ ನನಗೆ ಅದನ್ನು ತೊಳೆಯಹೊರಡುವ ಭಕ್ತರದು. ಟೈಲ್ಸಿಗೆ ಹಾಕುವ ಆಸಿಡ್ ಸುರಿದು, ತಂತಿಯ ಬ್ರಷ್ಷಿನಿಂದ ತಿಕ್ಕಿದರೆ ಹೋಗುವುದು ಪ್ರೇಮಿಗಳ ಹೆಸರು ಮಾತ್ರವೆ? ಎಂಟು ನೂರು ವರ್ಷ ಮಳೆ ಬಿಸಿಲಿಗೆ ಅಂಜದ ಅಕ್ಷರ ಒಂದು ಮಧ್ಯಾಹ್ನದಲ್ಲಿ ಸವೆದುಹೋಗುತ್ತದೆ. ಕಲ್ಲು ಮಸಿಯನ್ನು ಹೀರುತ್ತದೆ. ಮನೆಯ ಮದ್ದು ಅಲ್ಲಿಗೆ ಸಲ್ಲದು. ಪುರಾತತ್ವ ಇಲಾಖೆಯವರಿಗೆ ತಿಳಿಸುವುದೇ ಸರಿ.

ಹಳೆಯ ಮನೆಗಳ ಅಟ್ಟವನ್ನು ಹಬ್ಬಕ್ಕೆ ಗುಡಿಸುವವರಿಗೂ ಇದೇ ಮಾತು. ಮಸಿ ಹಿಡಿದ ಹರಕಲು ಬಟ್ಟೆಯ ಮಡಿಕೆಯೊಂದು ಸಿಕ್ಕರೆ ಅದನ್ನು ನೀರಿಗೆ ಹಾಕಬೇಡಿ, ಒದ್ದೆ ಕೈಯಿಂದ ಒರೆಸಲೂಬೇಡಿ. ಅದು ಕಡತವಾಗಿರಬಹುದು. ಬಿಚ್ಚದೆ, ಒಣಗಿದ ಜಾಗದಲ್ಲಿಟ್ಟು, ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ಅಥವಾ ಇತಿಹಾಸ ವಿಭಾಗಕ್ಕೆ ತೋರಿಸಿ. ಗೋಡೆಯ ಮೇಲಿನ ಗೆರೆ ಈ ವಾರ ಹೋಗದಿದ್ದರೆ ಮುಂದಿನ ವಾರ ಹೋದೀತು. ಕಡತದ ಅಕ್ಷರ ಒಮ್ಮೆ ಹೋದರೆ ಅದನ್ನು ಮರಳಿ ಬರೆಯಬಲ್ಲವರು ಯಾರೂ ಇಲ್ಲ.