ಕೋನಾಕೃತಿಯ ಕನ್ನಡ ಅಕ್ಷರವಿನ್ಯಾಸ

ಕೋನಾಕೃತಿಯ ಅಕ್ಷರವಿನ್ಯಾಸ ಎಂದರೆ ಅಕ್ಷರಗಳ ಬಾಗುಗೆರೆಗಳನ್ನು ಸರಳರೇಖೆ ಮತ್ತು ಕೋನಗಳಾಗಿ ಮಾರ್ಪಡಿಸಿ ರೂಪಿಸುವ ಜ್ಯಾಮಿತೀಯ ಶೈಲಿ. ಇದು ಶೀರ್ಷಿಕೆ, ನಾಮಫಲಕ ಮೊದಲಾದ ದೊಡ್ಡ ಅಕ್ಷರಗಳ ಬರಹಕ್ಕೆ ಬಳಕೆಯಾಗುತ್ತದೆ. ಕನ್ನಡ ಲಿಪಿಯು ದುಂಡಗಿರುವುದರಿಂದ, ರೂಪ ಬದಲಾದರೂ ಅಕ್ಷರದ ಗುರುತು ಕೆಡದಂತೆ ಕಾಯುವುದೇ ಈ ಶೈಲಿಯ ಮುಖ್ಯ ಸಮಸ್ಯೆ.

ಹಿನ್ನೆಲೆ

ಕನ್ನಡ ಲಿಪಿಯ ಮೂಲವಾದ ಬ್ರಾಹ್ಮಿಯು ಬಹುಮಟ್ಟಿಗೆ ಜ್ಯಾಮಿತೀಯ ಲಿಪಿ. ಬ್ರಹ್ಮಗಿರಿ, ಮಸ್ಕಿ ಮೊದಲಾದೆಡೆಗಳಲ್ಲಿರುವ ಅಶೋಕನ ಶಾಸನಗಳಲ್ಲಿ ಕಕಾರವು ಕೂಡುಚಿಹ್ನೆಯಂತೆಯೂ ಗಕಾರವು ತುದಿ ಮೇಲಾದ ಕೋನದಂತೆಯೂ ಇವೆ. ಆ ಕೋನವೇ ಕಾಲಕ್ರಮದಲ್ಲಿ ಬಾಗಿ ಇಂದಿನ ‘ಗ’ ಆಯಿತು. ತಾಳೆಗರಿಯ ಮೇಲೆ ಕಂಟದಿಂದ ನೇರಗೆರೆ ಎಳೆದರೆ ಗರಿ ಸೀಳುವುದೆಂಬುದು ಅಕ್ಷರಗಳು ದುಂಡಗಾಗಲು ಸಾಮಾನ್ಯವಾಗಿ ಹೇಳುವ ಕಾರಣ.

ಹಾಸನ ಜಿಲ್ಲೆಯಲ್ಲಿ ಈ ಬದಲಾವಣೆಯ ಹಂತಗಳನ್ನು ಕಾಣಬಹುದು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸು. ಕ್ರಿ.ಶ. 450ರ ಶಾಸನದ ಅಕ್ಷರಗಳಲ್ಲಿ ಬ್ರಾಹ್ಮಿಯ ಛಾಯೆ ಉಳಿದಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸು. 600ರಿಂದ 19ನೆಯ ಶತಮಾನದವರೆಗಿನ ಶಾಸನಗಳಿವೆ. ಹೊಯ್ಸಳರ ಕಾಲಕ್ಕೆ ಅಕ್ಷರಗಳು ದುಂಡಗೆ, ಅಲಂಕೃತವಾಗಿ ಬೆಳೆದಿದ್ದವು. ಆದ್ದರಿಂದ ಕಲ್ಲು ಮತ್ತು ಉಳಿ ಇದ್ದಮಾತ್ರಕ್ಕೆ ಅಕ್ಷರ ಕೋನಾಕೃತಿಯದಾಗುವುದಿಲ್ಲ.

ರಚನೆ

ಅಕ್ಷರಗಳನ್ನು ಸಾಮಾನ್ಯವಾಗಿ ಚೌಕಗಳಿರುವ ಹಾಳೆಯಲ್ಲಿ ಒಂದೇ ದಪ್ಪದ ಗೆರೆಗಳಿಂದ ರಚಿಸಬಹುದು. ‘ರ’ದ ವೃತ್ತವು ಚೌಕ ಅಥವಾ ಅಷ್ಟಕೋನವಾಗುತ್ತದೆ; ತಲೆಕಟ್ಟು ಮುರಿದ ಗೆರೆಯಾಗುತ್ತದೆ. ಜಿಲ್ಲೆಯ ಊರುಗಳ ಹೆಸರುಗಳೇ ಇದರ ಕಷ್ಟಸುಲಭಗಳಿಗೆ ಉತ್ತಮ ಉದಾಹರಣೆಗಳು. ‘ಹಾಸನ’ದಲ್ಲಿ ಒತ್ತಕ್ಷರವಿಲ್ಲದ ಕಾರಣ ಅದು ಒಂದೇ ಪಟ್ಟಿಯಲ್ಲಿ ಕೂರುತ್ತದೆ. ‘ಅರಕಲಗೂಡು’ ಎಂಬಲ್ಲಿ ಕೊಂಬುಗಳಿಗೆ ಬಲಗಡೆ ಜಾಗ ಬೇಕು. ‘ಹೊಳೆನರಸೀಪುರ’ದಲ್ಲಿ ಒತ್ವ, ಎತ್ವ, ಗುಡಿಸಿನ ದೀರ್ಘ, ಕೊಂಬು ನಾಲ್ಕೂ ಬರುತ್ತವೆ. ‘ಚನ್ನರಾಯಪಟ್ಟಣ’ದಲ್ಲಿ ನಕಾರ, ಟಕಾರಗಳ ಒತ್ತುಗಳು ಸಾಲಿನ ಕೆಳಗಿಳಿಯುವುದರಿಂದ ಫಲಕದ ಎತ್ತರ ಹೆಚ್ಚಬೇಕು, ಇಲ್ಲವೇ ಅಕ್ಷರಗಳು ಕುಗ್ಗಬೇಕು.

ಬಳಕೆ

ಪುಸ್ತಕದ ಮುಖಪುಟ, ಚಲನಚಿತ್ರದ ಶೀರ್ಷಿಕೆ, ಭಿತ್ತಿಪತ್ರ, ಅಂಗಡಿಯ ಫಲಕಗಳಿಗೆ ಈ ಶೈಲಿ ಹೊಂದುತ್ತದೆ. ಬಸ್ಸುಗಳ ಎಲ್‌ಇಡಿ ಫಲಕಗಳಲ್ಲಿ ಅಕ್ಷರಗಳು ಚುಕ್ಕಿಗಳಿಂದಾಗುವುದರಿಂದ ಕೋನಗಳು ಅನಿವಾರ್ಯವಾಗಿ ಮೂಡುತ್ತವೆ. ರೋಮನ್ ಲಿಪಿಯಲ್ಲಿ ಜರ್ಮನಿಯ ರುಡಾಲ್ಫ್ ಕೋಖ್ 1923ರಲ್ಲಿ ರೂಪಿಸಿದ ‘ನಾಯ್‌ಲಾಂಡ್’ ಇಂಥ ಒರಟು ಕೋನಗಳ ಪ್ರಸಿದ್ಧ ಶೀರ್ಷಿಕೆ ಶೈಲಿ.

ಮಿತಿಗಳು

ಕನ್ನಡದಲ್ಲಿ ಅನೇಕ ಅಕ್ಷರಗಳ ಭೇದವು ಒಂದು ಸಣ್ಣ ಗೀಟಿನಲ್ಲಿದೆ. ಕೆಳಗಿನ ಸೀಳು ಮರೆಯಾದರೆ ‘ಧನ’ವು ‘ದನ’ವಾಗುತ್ತದೆ, ನಡುವಿನ ಚುಕ್ಕೆ ಅಳಿದರೆ ‘ಠ’ವು ‘ರ’ದಂತೆ ಕಾಣುತ್ತದೆ. ‘ಪ’, ‘ವ’, ‘ಮ’ಗಳನ್ನು ಒಂದೇ ಚೌಕಟ್ಟಿಗೆ ತಂದಾಗಲೂ ‘ಪರ’, ‘ವರ’, ‘ಮರ’ಗಳ ನಡುವೆ ಗೊಂದಲವಾಗಬಹುದು. ಓದಲು ಕಲಿಯುತ್ತಿರುವ ಮಕ್ಕಳಿಗೂ ಓಡುವ ಬಸ್ಸಿನ ಫಲಕವನ್ನು ದೂರದಿಂದ ನೋಡುವವರಿಗೂ ಇದು ತೊಡಕು. ಆದುದರಿಂದ ಪಠ್ಯಪುಸ್ತಕ, ದೀರ್ಘ ಬರಹಗಳಿಗೆ ಈ ಶೈಲಿ ತಕ್ಕುದಲ್ಲ. ಶೀರ್ಷಿಕೆಯಲ್ಲಿಯೂ ಸೀಳು, ಚುಕ್ಕೆ ಮತ್ತು ಒತ್ತುಗಳು ಸ್ಪಷ್ಟವಾಗಿರಬೇಕು.