ಕಪ್ಪೆ ಸಾಕುವ ಗಾಜಿನ ಪೆಟ್ಟಿಗೆಯ ಹಿನ್ನೆಲೆ: ಯಾವ ವಸ್ತು ಸೂಕ್ತ?

ಕಪ್ಪೆಗಳನ್ನು ಸಾಕಲು ಗಿಡ, ಮಣ್ಣು, ತೇವ ಸಹಿತ ಸಿದ್ಧಪಡಿಸುವ ಗಾಜಿನ ಪೆಟ್ಟಿಗೆಗೆ ವೈವೇರಿಯಂ ಎಂದು ಹೆಸರು. ಮಧ್ಯ ಮತ್ತು ದಕ್ಷಿಣ ಅಮೆರಿಕಾದ ಮಳೆಕಾಡಿನ ಬಣ್ಣದ ಡಾರ್ಟ್ ಕಪ್ಪೆಗಳನ್ನು ಹೀಗೆ ಸಾಕುವ ಹವ್ಯಾಸ ಯುರೋಪ್ ಹಾಗೂ ಅಮೆರಿಕಾದಲ್ಲಿದೆ. ಪೆಟ್ಟಿಗೆಯ ಹಿಂಬದಿ ಮತ್ತು ಪಕ್ಕದ ಗಾಜಿಗೆ ಅಂಟಿಸುವ ಹೊದಿಕೆಯೇ ಹಿನ್ನೆಲೆ. ಇದು ಬರೀ ಅಲಂಕಾರವಲ್ಲ. ಕಪ್ಪೆ ಹತ್ತುವುದು, ಅಡಗುವುದು ಇದರಲ್ಲಿ. ಬಳ್ಳಿ, ಪಾಚಿ ಬೇರೂರುವುದೂ ಇದರ ಮೇಲೆಯೇ.

ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ನೀರಿನಲ್ಲಿ ಕರಗಿದ ಉಪ್ಪು, ರಾಸಾಯನಿಕಗಳೂ ಅದೇ ದಾರಿಯಲ್ಲಿ ದೇಹ ಸೇರಬಲ್ಲವು. ಆದ್ದರಿಂದ ಹಿನ್ನೆಲೆಯ ವಸ್ತು ಸದಾ ತೇವದಲ್ಲಿದ್ದರೂ ಬೇಗ ಕೊಳೆಯಬಾರದು, ವಿಷ ಬಿಡಬಾರದು, ಅದರ ಹಿಂದೆ ಸಂದು ಉಳಿಯಬಾರದು.

ಕಾರ್ಕ್: ಪೋರ್ಚುಗಲ್, ಸ್ಪೇನ್‌ಗಳಲ್ಲಿ ಬೆಳೆಯುವ ಓಕ್ ಜಾತಿಯ ಮರದ ತೊಗಟೆ. ಮರ ಕಡಿಯದೆ ಸುಮಾರು 9 ವರ್ಷಕ್ಕೊಮ್ಮೆ ಸುಲಿಯುತ್ತಾರೆ. ನೀರು ಹೀರುವುದು ಕಡಿಮೆ, ಆದ್ದರಿಂದ ಬಹುಕಾಲ ಕೊಳೆಯದು. ಬೆಲೆ ಮಾತ್ರ ಹೆಚ್ಚು.

ಮರ ಜರೀಗಿಡದ ಹಲಗೆ: ಕಾಂಡದ ಸುತ್ತಲಿನ ಬೇರುನಾರಿನಿಂದ ತಯಾರಾಗುತ್ತದೆ. ಗಿಡಗಳು ಇದರಲ್ಲಿ ಚೆನ್ನಾಗಿ ಹಿಡಿಯುತ್ತವೆ. ಆದರೆ ಹಲಗೆಗಾಗಿ ಇಡೀ ಗಿಡವೇ ಬಲಿಯಾಗುತ್ತದೆ. ಬ್ರೆಜಿಲಿನ ‘ಶಾಶಿಂ’ ಜಾತಿ ಹೀಗೆ ಅಳಿವಿನಂಚಿಗೆ ಬಂದು, 2001ರಲ್ಲಿ ಅದರ ಕಟಾವಿಗೆ ಅಲ್ಲಿ ತಡೆ ಬಿತ್ತು.

ತೆಂಗಿನ ನಾರು: ಕೇರಳದವರಿಗೆ ಹೊಸದಲ್ಲ. ಅಗ್ಗ, ತೇವ ಹಿಡಿಯುತ್ತದೆ, ಲಿಗ್ನಿನ್ ಅಂಶ ಹೆಚ್ಚಿರುವುದರಿಂದ ನಿಧಾನವಾಗಿ ಕೊಳೆಯುತ್ತದೆ. ಆದರೆ ಹಿನ್ನೀರಿನ ಉಪ್ಪುನೀರಿನಲ್ಲಿ ನೆನೆಹಾಕಿ ತೆಗೆದ ನಾರಿನಲ್ಲಿ ಉಪ್ಪು ಉಳಿದಿರುತ್ತದೆ. ಸಿಹಿನೀರಿನಲ್ಲಿ ಹಲವು ಬಾರಿ ತೊಳೆಯದೆ ಬಳಸಬಾರದು. ಬಣ್ಣ ಹಾಕಿದ ನಾರು, ಚಾಪೆ ಬೇಡ.

ಫೋಮ್ ಮತ್ತು ಸಿಲಿಕೋನ್: ಉಬ್ಬುವ ಪಾಲಿಯುರೆಥೇನ್ ಫೋಮನ್ನು ಗಾಜಿಗೆ ಸಿಂಪಡಿಸಿ, ಒಣಗಿದ ಮೇಲೆ ಬೇಕಾದ ಆಕಾರಕ್ಕೆ ಕೊರೆದು, ಸಿಲಿಕೋನ್ ಬಳಿದು ಅದರ ಮೇಲೆ ನಾರಿನ ಪುಡಿ ಒತ್ತುತ್ತಾರೆ. ಬಂಡೆ, ಬೇರಿನ ರೂಪ ಕೊಡಲು ಇದು ಸುಲಭ. ಸ್ನಾನದ ಮನೆಗೆಂದು ಮಾರುವ ಸಿಲಿಕೋನಿನಲ್ಲಿ ಬೂಷ್ಟುನಾಶಕ ಸೇರಿರುವುದುಂಟು. ಅದು ಕಪ್ಪೆಗೆ ಅಪಾಯ. ಅಕ್ವೇರಿಯಂಗೆಂದೇ ಇರುವುದನ್ನು ಆರಿಸಬೇಕು. ಒಣಗುವಾಗ ಬರುವ ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ಕಾಯಬೇಕು.

ಬೇಡವಾದವು: ಹೊದಿಕೆಯಿಲ್ಲದ ಥರ್ಮೋಕೋಲನ್ನು ಆಹಾರಕ್ಕೆ ಬಿಟ್ಟ ಮಿಡತೆಗಳೇ ಕೊರೆಯುತ್ತವೆ. ಹಸಿ ಸಿಮೆಂಟ್ ನೀರನ್ನು ಕ್ಷಾರಗೊಳಿಸುತ್ತದೆ. ದೇವದಾರು, ಪೈನ್ ಮರದ ರಾಳವೂ ಒಳ್ಳೆಯದಲ್ಲ.

ಯಾವುದೇ ಹಲಗೆ ಅಂಟಿಸುವಾಗ ಅಂಚನ್ನು ಪೂರ್ತಿ ಮುಚ್ಚಬೇಕು. ಹಿಂದೆ ಸಿಕ್ಕಿಕೊಂಡ ಸಣ್ಣ ಕಪ್ಪೆ ಹೊರಬರಲಾರದೆ ಸಾಯಬಹುದು. ಗಿಡ ನೆಟ್ಟು, ಕೆಲವು ವಾರ ನೀರು ಸಿಂಪಡಿಸಿ, ಬೂಷ್ಟು, ವಾಸನೆ ಇಳಿದ ನಂತರವೇ ಕಪ್ಪೆ ಬಿಡಬೇಕು.

ಡಾರ್ಟ್ ಕಪ್ಪೆಗಳು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣ ಒಪ್ಪಂದದ ಪಟ್ಟಿಯಲ್ಲಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯಂತೆ ಇಂತಹ ಜೀವಿಗಳನ್ನು ಭಾರತದಲ್ಲಿ ಇಟ್ಟುಕೊಳ್ಳಲು ನೋಂದಣಿ ಕಡ್ಡಾಯ.